ಮಣ್ಣಿನ ಜಾಡು ಹಿಡಿದ ಜೇಮ್ಸ್ ಹಟ್ಟನ್

ಹೊಲದ ಮಣ್ಣು ಮಳೆಯ ನೀರಿನೊಡನೆ ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ ಹರಿದುಹೋಗುವುದನ್ನು ಕಾಣದ ರೈತನಿಲ್ಲ. ಬದು ಹಾಕಿ ಕೈಲಾದಷ್ಟನ್ನು ತಡೆದು, ಉಳಿದುದನ್ನು ದೈವಕ್ಕೆ ಬಿಟ್ಟು ಆತನು ತನ್ನ ಕೆಲಸದಲ್ಲಿ ತೊಡಗುತ್ತಾನೆ. ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ರೈತನೊಬ್ಬನು ಮಾತ್ರ ಆ ಮಣ್ಣಿನ ಜಾಡನ್ನು ಬಿಡದೆ ಹಿಂಬಾಲಿಸಿದನು. ಕಡಲಿನವರೆಗೂ ಹೋದನು, ಅಲ್ಲಿಂದ ಮರಳಿ ಬೆಟ್ಟಕ್ಕೂ ಬಂದನು. ಇಂದಿನ ಭೂವಿಜ್ಞಾನಕ್ಕೆ ತಳಹದಿಯನ್ನು ಹಾಕಿದ ಜೇಮ್ಸ್ ಹಟ್ಟನನೇ ಆ ರೈತ.

ಹಟ್ಟನನು 1726ನೆಯ ಇಸವಿಯಲ್ಲಿ ಎಡಿನ್‌ಬರೊ ನಗರದಲ್ಲಿ ಜನಿಸಿದನು. ವರ್ತಕನಾಗಿದ್ದ ತಂದೆಯು ಮಗನ ಎಳೆವೆಯಲ್ಲಿಯೇ ತೀರಿಕೊಂಡನು. ವಕೀಲನೊಬ್ಬನ ಕಚೇರಿಯಲ್ಲಿ ಕೆಲಸ ಕಲಿಯಲು ಹೋದ ತರುಣನು ಕಾಗದಪತ್ರಗಳನ್ನು ನಕಲು ಮಾಡುವ ಬದಲು ರಸಾಯನ ಪ್ರಯೋಗಗಳಿಂದ ಜೊತೆಗಾರರನ್ನು ರಂಜಿಸುತ್ತಿದ್ದನಂತೆ. ಬಳಿಕ ವೈದ್ಯಶಾಸ್ತ್ರವನ್ನು ಎಡಿನ್‌ಬರೊ, ಪ್ಯಾರಿಸ್ ನಗರಗಳಲ್ಲಿ ಓದಿ, 1749ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಪದವಿ ಪಡೆದನು. ಆದರೆ ವೈದ್ಯವೃತ್ತಿಯನ್ನು ಹಿಡಿಯಲಿಲ್ಲ. ಒಲೆಯ ಮಸಿಯಿಂದ ನವಸಾಗರವನ್ನು ತಯಾರಿಸುವ ಕ್ರಮವನ್ನು ಆತನೂ ಗೆಳೆಯನಾದ ಜೇಮ್ಸ್ ಡೇವಿಯೂ ಕೂಡಿ ಕಂಡುಕೊಂಡಿದ್ದರು. ನಮ್ಮಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರವೇ ಅದು. ಮುಂದೆ ಆ ಉದ್ಯಮದ ಆದಾಯವು ಹಟ್ಟನನನ್ನು ಜೀವನೋಪಾಯದ ಚಿಂತೆಯಿಂದ ಪಾರುಮಾಡಿತು.

ತಂದೆಯಿಂದ ಬಂದ ಜಮೀನು ಬರ್ವಿಕ್ ಸೀಮೆಯ ಸ್ಲೈಹೌಸಸ್ ಎಂಬಲ್ಲಿತ್ತು. ವ್ಯವಸಾಯವನ್ನು ಕಲಿಯುವುದಕ್ಕಾಗಿ ಹಟ್ಟನನು ಇಂಗ್ಲೆಂಡಿನ ನಾರ್ಫಕ್ ಪ್ರಾಂತಕ್ಕೆ ಹೋಗಿ ರೈತರ ಮನೆಯಲ್ಲಿ ತಂಗಿದನು; ಹಿಂದಿರುಗುವಾಗ ಅಲ್ಲಿಯ ನೇಗಿಲನ್ನೂ ಉಳುವವನೊಬ್ಬನನ್ನೂ ಜೊತೆಯಲ್ಲಿಯೇ ಕರೆತಂದನು. ಸುಮಾರು ಹದಿನಾಲ್ಕು ವರ್ಷ ಆತನು ಬೇಸಾಯಗಾರನಾಗಿದ್ದನು. ತೋಡಿದ ಗುಂಡಿ, ಕಾಲುವೆಯ ದಂಡೆ, ಹೊಳೆಯ ಪಾತ್ರ ಯಾವುದನ್ನೂ ಇಣುಕಿ ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಇಲ್ಲಿಯೇ ಆತನನ್ನು ಕಾಡಿದ ಪ್ರಶ್ನೆ ಹುಟ್ಟಿತೆಂದು ನಾವು ಭಾವಿಸುತ್ತೇವೆ. ಬಿಸಿಲು, ಮಳೆ, ಹಿಮಗಳಿಗೆ ಸಿಕ್ಕಿ ಬಂಡೆಯು ಶಿಥಿಲವಾಗದಿದ್ದರೆ ಮಣ್ಣಿಲ್ಲ; ಮಣ್ಣಿಲ್ಲದಿದ್ದರೆ ಬೆಳೆಯಿಲ್ಲ. ಆದರೆ ಅದೇ ಮಣ್ಣನ್ನು ಹೊಳೆಗಳು ದಿನವೂ ಸಮುದ್ರಕ್ಕೆ ಸಾಗಿಸುತ್ತಿವೆ. ಹೀಗೆಯೇ ನಡೆದರೆ ಒಂದು ದಿನ ಬೆಟ್ಟಗಳೆಲ್ಲ ಸವೆದು ನೆಲವೇ ಇಲ್ಲವಾಗಬೇಕಲ್ಲವೆ? ನೆಲ ಇನ್ನೂ ಉಳಿದಿರುವುದರಿಂದ, ಹೋದುದನ್ನು ತುಂಬಿಕೊಡುವ ಏರ್ಪಾಡೊಂದು ಪ್ರಕೃತಿಯಲ್ಲಿ ಇರಲೇಬೇಕು. ಕಡಲತಳದಲ್ಲಿ ಪದರಪದರವಾಗಿ ಕುಳಿತ ಮಣ್ಣು ಮರಳುಗಳು ಕಲ್ಲಾಗಿ, ಭೂಮಿಯ ಒಡಲಿನ ಕಾವಿನಿಂದ ಮೇಲೆ ನೂಕಲ್ಪಟ್ಟು ಹೊಸ ನೆಲವಾಗುತ್ತವೆ. ಆ ನೆಲವೂ ಮತ್ತೆ ಸವೆಯತೊಡಗುತ್ತದೆ. ಇದೇ ಹಟ್ಟನನ ಸಿದ್ಧಾಂತ. ಮರಳು ಕಲ್ಲಾಗುವುದಕ್ಕೂ ಕಾವೇ ಕಾರಣವೆಂದು ಆತನು ಹೇಳಿದುದು ಸರಿಯಲ್ಲ. ಮೇಲಿನ ಭಾರವೂ ಖನಿಜಗಳ ಬೆಸುಗೆಯೂ ಆ ಕೆಲಸವನ್ನು ಮಾಡುತ್ತವೆಂದು ನಾವಿಂದು ಬಲ್ಲೆವು. ಆದರೆ ಚಕ್ರವನ್ನು ಆತನು ಸರಿಯಾಗಿಯೇ ಕಂಡಿದ್ದನು.

ಈ ಚಕ್ರ ಒಂದು ಸುತ್ತು ತಿರುಗಲು ಎಷ್ಟು ಕಾಲ ಬೇಕು? ತೊಡಕು ಇದ್ದುದು ಇಲ್ಲಿ. ಬೈಬಲ್ಲಿನ ವಂಶಾವಳಿಗಳನ್ನು ಲೆಕ್ಕಹಾಕಿದ್ದ ಪಂಡಿತರು ಜಗತ್ತಿಗೆ ಸುಮಾರು 6000 ವರ್ಷಗಳ ವಯಸ್ಸನ್ನು ಗೊತ್ತುಮಾಡಿದ್ದರು. ಹೊಳೆಯೊಂದು ಬೆಟ್ಟವನ್ನು ಕರಗಿಸಲು ಅಷ್ಟು ಕಾಲ ಏತಕ್ಕೂ ಸಾಲದು.

1760ರ ದಶಕದ ಕೊನೆಗೆ ಹಟ್ಟನನು ಎಡಿನ್‌ಬರೊ ನಗರಕ್ಕೆ ಹಿಂದಿರುಗಿ, ಮದುವೆಯಾಗದೆ ಸಹೋದರಿಯರೊಡನೆ ನೆಲಸಿದನು. ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಆತನ ಆಪ್ತರು. 1785ರ ಮಾರ್ಚಿಯಲ್ಲಿ ಅಲ್ಲಿಯ ರಾಯಲ್ ಸೊಸೈಟಿಯ ಮುಂದೆ ಸಿದ್ಧಾಂತವನ್ನು ಮಂಡಿಸಬೇಕಾದ ದಿನ ಹಟ್ಟನನು ಅಸ್ವಸ್ಥನಾಗಿದ್ದುದರಿಂದ ಬ್ಲ್ಯಾಕನೇ ಅದನ್ನು ಓದಿದನು. ಉಳಿದ ಭಾಗವನ್ನು ಏಪ್ರಿಲಿನಲ್ಲಿ ಹಟ್ಟನನು ತಾನೇ ಓದಿದನು.

ವಾದವೇನೋ ಆಯಿತು, ಸಾಕ್ಷ್ಯ ಬೇಕಷ್ಟೆ. ಅದೇ ವರ್ಷ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ, ಕರಗಿದ ಬೆಣಚುಕಲ್ಲು ಹಳೆಯ ಶಿಲೆಯ ಬಿರುಕುಗಳಿಗೆ ನುಗ್ಗಿ ಹೆಪ್ಪುಗಟ್ಟಿದ್ದ ಕೆಂಪು ಎಳೆಗಳನ್ನು ಕಂಡು ಆತನು ಹಿಗ್ಗಿದ ಪರಿಗೆ, ದಾರಿ ತೋರಲು ಬಂದವರು ಚಿನ್ನವೋ ಬೆಳ್ಳಿಯೋ ಸಿಕ್ಕಿರಬೇಕೆಂದು ಬಗೆದರಂತೆ. ಒಡಲಿನ ಕಾವಿಗೆ ಗುರುತು ದೊರೆಯಿತು. ಕಾಲಕ್ಕೆ ಗುರುತು 1788ರಲ್ಲಿ ದೊರೆಯಿತು. ಅರುವತ್ತೆರಡು ವರ್ಷದ ಹಟ್ಟನನು ಗಣಿತಜ್ಞ ಜಾನ್ ಪ್ಲೇಫೇರ್, ತರುಣ ಜೇಮ್ಸ್ ಹಾಲ್ ಇವರೊಡನೆ ದೋಣಿಯಲ್ಲಿ ಕುಳಿತು, ಅಲೆಗಳು ತೊಳೆದು ತೆರೆದಿಟ್ಟ ಬಂಡೆಗಳನ್ನು ನೋಡುತ್ತ ಪೂರ್ವ ಕರಾವಳಿಯುದ್ದಕ್ಕೂ ಸಾಗಿದನು. ಸಿಕಾರ್ ಪಾಯಿಂಟ್ ಎಂಬ ಭೂಶಿರದಲ್ಲಿ ಅರಸಿದುದು ಕಣ್ಣಮುಂದೆ ನಿಂತಿತು. ಕೆಳಗೆ ಬೂದುಬಣ್ಣದ ಶಿಲಾಪದರಗಳು, ಕಪಾಟಿನಲ್ಲಿ ಜೋಡಿಸಿಟ್ಟ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಅವುಗಳ ಸವೆದ ತಲೆಗಳ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಓರೆಯಾಗಿ ಮಲಗಿವೆ. ಕೆಳಗಿನದು ಕಡಲತಳದಲ್ಲಿ ಅಡ್ಡಲಾಗಿ ಕುಳಿತು, ಕಲ್ಲಾಗಿ, ಮಡಿಚಿ ಎದ್ದು ನಿಂತು, ನೆಲವಾಗಿ ಮಳೆಗಾಳಿಗೆ ಸವೆದು ಹೋದ ಮೇಲೆಯೇ ಅದರ ಮೇಲೆ ಮರಳು ಬಂದು ಕುಳಿತಿರಬೇಕು. ಆ ಮರಳೂ ಕಲ್ಲಾಗಿ ಮೇಲೇರಿ, ಈಗ ಮತ್ತೆ ಅಲೆಗಳಿಗೆ ಕರಗುತ್ತಿದೆ! ಅಷ್ಟು ಆಳವಾದ ಕಾಲದೊಳಗೆ ಇಣುಕಿ ತನಗೆ ತಲೆತಿರುಗಿದಂತಾಯಿತೆಂದು ಪ್ಲೇಫೇರನು ಮುಂದೆ ಬರೆದನು. ಕೆಳಗಿನ ಶಿಲೆಗೆ ಸುಮಾರು 43 ಕೋಟಿ, ಮೇಲಿನದಕ್ಕೆ ಸುಮಾರು 37 ಕೋಟಿ ವರ್ಷಗಳೆಂದು ಇಂದು ಎಣಿಸಿದ್ದಾರೆ. ಹಟ್ಟನನಿಗೆ ಈ ಅಂಕೆಗಳು ತಿಳಿದಿರಲಿಲ್ಲ. ಹೊಳೆಯ ನಿಧಾನವನ್ನು ಬಲ್ಲವನಾದುದರಿಂದ ಅಂಕೆಯಿಲ್ಲದೆಯೂ ಆತನಿಗೆ ಅರ್ಥವಾಯಿತು.

ವಿರೋಧ ಬಲವಾಗಿತ್ತು. ಡಬ್ಲಿನ್ನಿನ ರಿಚರ್ಡ್ ಕರ್ವಾನನು 1793ರಲ್ಲಿ ಈ ಮತವು ಧರ್ಮಕ್ಕೆ ವಿರುದ್ಧವೆಂದು ಖಂಡಿಸಿದನು. ಆಗ ಹಟ್ಟನನು ಮೂತ್ರಕೋಶದ ಕಲ್ಲಿನ ವ್ಯಾಧಿಯಿಂದ ಹಾಸಿಗೆ ಹಿಡಿದಿದ್ದನು. ಆ ಖಂಡನೆಯು ಕೈಸೇರಿದ ಮರುದಿನವೇ ಬಹುಕಾಲದಿಂದ ಇಟ್ಟುಕೊಂಡಿದ್ದ ಹಸ್ತಪ್ರತಿಯನ್ನು ತಿದ್ದಲು ಕುಳಿತನಂತೆ. ಗ್ರಂಥದ ಎರಡು ಸಂಪುಟಗಳು 1795ರಲ್ಲಿ ಹೊರಬಂದವು. ಅವನ್ನು ಓದಿದವರು ಕೆಲವರೇ; ಉದ್ದುದ್ದ ವಾಕ್ಯಗಳ ನಡುವೆ ಪುಟಗಟ್ಟಲೆ ಫ್ರೆಂಚ್ ಉದ್ಧರಣೆಗಳನ್ನು ಅನುವಾದಿಸದೆ ಸೇರಿಸಿದ್ದ ಆ ಗ್ರಂಥದ ಓದುಗರನ್ನು ನಾವಂತೂ ದೂಷಿಸಲಾರೆವು. 1797ರ ಮಾರ್ಚ್ 26ರಂದು ಹಟ್ಟನನು ತೀರಿಕೊಂಡನು.

ಆತನನ್ನು ಉಳಿಸಿದುದು ಸ್ನೇಹ. 1802ರಲ್ಲಿ ಪ್ಲೇಫೇರನು ಗುರುವಿನ ವಿಚಾರಗಳನ್ನು ತಿಳಿಯಾದ ಗದ್ಯದಲ್ಲಿ ನಿರೂಪಿಸಿ, ತನ್ನದೊಂದು ಗಮನಿಕೆಯನ್ನೂ ಸೇರಿಸಿದನು. ನದಿಗಳು ಮೊದಲೇ ಸಿದ್ಧವಾಗಿದ್ದ ಕಣಿವೆಗಳಲ್ಲಿ ಹರಿಯುತ್ತಿದ್ದರೆ ಉಪನದಿಗಳೆಲ್ಲ ಹೆಚ್ಚೂಕಡಮೆಯಿಲ್ಲದೆ ಮುಖ್ಯ ನದಿಯ ಮಟ್ಟದಲ್ಲಿಯೇ ಬಂದು ಕೂಡುವುದು ಹೇಗೆ? ತಮ್ಮ ಕಣಿವೆಗಳನ್ನು ಅವೇ ಕೊರೆದುಕೊಂಡುದರಿಂದಲೇ ಈ ಹೊಂದಿಕೆ. 1830ರಿಂದ ಚಾರ್ಲ್ಸ್ ಲಯಲನು ಇದೇ ತತ್ತ್ವದ ಮೇಲೆ ತನ್ನ ಗ್ರಂಥವನ್ನು ಕಟ್ಟಿದನು. ಆತನ ಮೊದಲ ಸಂಪುಟವು ಬೀಗಲ್ ಹಡಗಿನಲ್ಲಿ ಡಾರ್ವಿನ್ನನ ಸಂಗಡ ಪ್ರಯಾಣ ಮಾಡಿತು.

ಹಟ್ಟನನ ಗ್ರಂಥದ ಮೂರನೆಯ ಸಂಪುಟದಲ್ಲಿ ಉಳಿದಿದ್ದ ಅಧ್ಯಾಯಗಳು ಅಚ್ಚಾದುದು 1899ರಲ್ಲಿ. ಎಡಿನ್‌ಬರೊ ನಗರದ ಗ್ರೇಫ್ರೈಯರ್ಸ್ ಶ್ಮಶಾನದಲ್ಲಿ ಆತನ ಹೆಸರಿನ ಕಲ್ಲನ್ನು ನೆಟ್ಟದ್ದು 1947ರಲ್ಲಿ, ಆತನು ಮಣ್ಣು ಸೇರಿದ ನೂರೈವತ್ತು ವರ್ಷಗಳ ಮೇಲೆ.