ರಾಬರ್ಟ್ ಕೆನೆಡಿ

ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರ ತಮ್ಮ ರಾಬರ್ಟ್ ಕೆನೆಡಿಯವರು ಹುಟ್ಟಿದ್ದು 1925ರಲ್ಲಿ. ಕಾನೂನು ಓದಿ, ಅಣ್ಣನ ಸರಕಾರದಲ್ಲಿ ಅಟಾರ್ನಿ ಜನರಲ್ ಆದರು. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಣ್ಣ ಗುಂಡಿಗೆ ಬಲಿಯಾದರು. ಆ ಬಂದೂಕು ಕೊಲೆಗಾರನ ಕೈ ಸೇರಿದ್ದು ಅಂಚೆಯ ಮೂಲಕ, ನಾವು ಪುಸ್ತಕ ತರಿಸಿಕೊಳ್ಳುವಷ್ಟೇ ಸುಲಭವಾಗಿ!

ಸೆನೆಟ್ ಸದಸ್ಯರಾದ ಮೇಲೆ ರಾಬರ್ಟರು ಇಂಥ ಮಾರಾಟಕ್ಕೆ ಕಡಿವಾಣ ಬೇಕೆಂದು ವಾದಿಸಿದರು. 1968ರ ಮೇ ತಿಂಗಳಲ್ಲಿ ಚುನಾವಣಾ ಪ್ರಚಾರಕ್ಕಾಗಿ ಆರೆಗಾನ್ ರಾಜ್ಯದ ರೋಸ್‌ಬರ್ಗ್ ಎಂಬ ಊರಿಗೆ ಹೋದರು. ಅದು ಮರದ ಕಸುಬಿನವರ, ಬೇಟೆ ಬಲ್ಲವರ ಊರು. ಬಂದೂಕಿನ ಹಕ್ಕನ್ನು ಮುಟ್ಟಬಾರದೆಂದು ಫಲಕ ಹಿಡಿದು ಜನ ಎದುರು ನಿಂತಿದ್ದರು. ಮತ ಕೇಳಲು ಹೋದವರು ಇಂಥ ಕಡೆ ಮಾತು ಮರೆಸುವುದನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಇವರು ಮರೆಸಲಿಲ್ಲ. ಯಾರ ಬಂದೂಕನ್ನೂ ಕಿತ್ತುಕೊಳ್ಳುವ ಮಾತಿದಲ್ಲ, ಅಪರಾಧಿಗಳಿಗೂ ಮನೋರೋಗಿಗಳಿಗೂ ಎಳೆಯರಿಗೂ ಅದು ಸಿಗಬಾರದೆಂಬುದಷ್ಟೇ ತಮ್ಮ ವಾದವೆಂದು ಬಿಡಿಸಿ ಹೇಳಿದರು. ಜನ ಕೂಗಾಡಿದರು. ಆ ರಾಜ್ಯದ ಮತದಾನದಲ್ಲಿ ಅವರು ಸೋತರು.

ಜೂನ್ 5ರಂದು ಲಾಸ್ ಏಂಜಲೀಸ್‌ನಲ್ಲಿ ರಿವಾಲ್ವರಿನ ಗುಂಡು ತಗಲಿ, ಮರುದಿನ ತೀರಿಕೊಂಡರು. ಆಗ ವಯಸ್ಸು 42. ಅದೇ ಅಕ್ಟೋಬರಿನಲ್ಲಿ, ಜನರು ಅಂಚೆಯಲ್ಲಿ ಬಂದೂಕು ತರಿಸುವುದನ್ನು ತಡೆಯುವ ಕಾಯಿದೆ ಬಂತು.

ತಪ್ಪು ಬಂದೂಕಿನದೋ ಮನುಷ್ಯನದೋ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. 2015ರ ಅಕ್ಟೋಬರಿನಲ್ಲಿ ಅದೇ ರೋಸ್‌ಬರ್ಗ್ ಬಳಿಯ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ 9 ಜನರನ್ನು ಕೊಂದನು.