ಸರ್ ಫ್ರಾಂಕ್ ವೊರೆಲ್: ನಾಯಕತ್ವದ ಘನತೆ

ಆಟದ ಬಯಲಿನಲ್ಲಿ ಗೆದ್ದು ಕೀರ್ತಿ ಪಡೆದವರು ಅನೇಕರು. ಗೆಲುವಿನಿಂದ ಉಬ್ಬದೆ, ಸೋಲಿನಿಂದ ಕುಗ್ಗದೆ, ತಮ್ಮವರನ್ನೂ ಎದುರಾಳಿಗಳನ್ನೂ ಸಮಾನ ಗೌರವದಿಂದ ಕಂಡವರು ವಿರಳ. ಅಂಥ ವಿರಳರ ಸಾಲಿನಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ನಾಯಕರಾಗಿದ್ದ ಸರ್ ಫ್ರಾಂಕ್ ವೊರೆಲ್ ಅವರ ಹೆಸರು ಅಗ್ರಗಣ್ಯವಾದುದು.

ವೊರೆಲ್ ಅವರು ೧೯೨೪ನೆಯ ಇಸವಿ ಆಗಸ್ಟ್ ೧ರಂದು ಬಾರ್ಬಡೋಸ್ ದ್ವೀಪದಲ್ಲಿ ಜನಿಸಿದರು. ಕಬ್ಬಿನ ತೋಟಗಳ ಆ ಪುಟ್ಟ ನಾಡು ಆಗ ಬ್ರಿಟಿಷರ ವಸಾಹತಾಗಿತ್ತು. ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿಯೇ ಅಲ್ಲಿ ಬಹುಸಂಖ್ಯಾತವಾಗಿದ್ದರೂ ಭೂಮಿ, ವ್ಯಾಪಾರ, ಅಧಿಕಾರಗಳೆಲ್ಲ ಬಹುಮಟ್ಟಿಗೆ ಬಿಳಿಯರ ವಶದಲ್ಲಿದ್ದವು. ಕ್ರಿಕೆಟ್ಟೂ ಇದಕ್ಕೆ ಹೊರತಾಗಿರಲಿಲ್ಲ. ಕಪ್ಪು ಜನರು ದಾಂಡು ಹಿಡಿಯಬಹುದಿತ್ತು, ಚೆಂಡು ಎಸೆಯಬಹುದಿತ್ತು. ಆದರೆ ತಂಡವನ್ನು ಮುನ್ನಡೆಸುವ ಯೋಗ್ಯತೆ ಬಿಳಿಯರಿಗೆ ಮಾತ್ರ ಉಂಟೆಂಬ ಭಾವನೆ ಬೇರೂರಿತ್ತು.

ಕಾಂಬರ್‌ಮಿಯರ್ ಶಾಲೆಯಲ್ಲಿ ಓದಿದ ವೊರೆಲ್ ಮೊದಲು ಎಡಗೈ ನಿಧಾನ ಬೌಲರ್ ಆಗಿ ಬಾರ್ಬಡೋಸ್ ತಂಡವನ್ನು ಸೇರಿದರು. ಬಹುಬೇಗ ಅವರ ಬ್ಯಾಟಿಂಗ್ ಪ್ರತಿಭೆ ಪ್ರಕಾಶಕ್ಕೆ ಬಂತು. ಇನ್ನೂ ಇಪ್ಪತ್ತು ತುಂಬುವ ಮುನ್ನವೇ ಟ್ರಿನಿಡಾಡ್ ವಿರುದ್ಧ ಅಜೇಯ ೩೦೮ ರನ್ನುಗಳನ್ನು ಗಳಿಸಿದರು. ೧೯೪೮ರಲ್ಲಿ ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಕ್ರಿಕೆಟ್ಟಿಗೆ ಪದಾರ್ಪಣ ಮಾಡಿದರು. ಎವರ್ಟನ್ ವೀಕ್ಸ್, ಕ್ಲೈಡ್ ವಾಲ್ಕಾಟ್ ಮತ್ತು ವೊರೆಲ್ ಈ ಮೂವರೂ ಬ್ರಿಜ್‌ಟೌನಿನ ಆಸುಪಾಸಿನಲ್ಲೇ ಹುಟ್ಟಿ ಬೆಳೆದು, ತಂಡದ ಮೂರು ಆಧಾರಸ್ತಂಭಗಳಾದರು. ೧೯೫೦ರಲ್ಲಿ ವೆಸ್ಟ್ ಇಂಡೀಸ್ ಇಂಗ್ಲೆಂಡಿನ ನೆಲದಲ್ಲೇ ಮೊದಲ ಬಾರಿಗೆ ಸರಣಿ ಗೆದ್ದಾಗ ನಾಟಿಂಗ್‌ಹ್ಯಾಮಿನಲ್ಲಿ ವೊರೆಲ್ ಬಾರಿಸಿದ ೨೬೧ ರನ್ನುಗಳು ಚಿರಸ್ಮರಣೀಯವಾದವು.

ಆಟದಿಂದ ದೊರೆತ ಕೀರ್ತಿಯಲ್ಲೇ ಅವರು ತೃಪ್ತರಾಗಲಿಲ್ಲ. ಇಂಗ್ಲೆಂಡಿನಲ್ಲಿ ಲೀಗ್ ಕ್ರಿಕೆಟ್ ಆಡುತ್ತ ಜೀವನ ಸಾಗಿಸುತ್ತಲೇ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಮೂವತ್ತು ದಾಟಿದ ವಯಸ್ಸಿನಲ್ಲಿ ಪದವಿ ಪಡೆದರು. ವಿದ್ಯೆಯ ಹಸಿವಿಗೆ ವಯಸ್ಸಿನ ಮಿತಿಯಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಷ್ಟಾದರೂ ನಾಯಕಪದವಿಗೆ ವರ್ಣದ ಗೋಡೆ ಅಡ್ಡವಾಗಿಯೇ ಇತ್ತು. ೧೯೪೮ರಲ್ಲಿ ಜಾರ್ಜ್ ಹೆಡ್ಲಿ ಒಂದೇ ಒಂದು ಟೆಸ್ಟಿಗೆ ನಾಯಕರಾದದ್ದು ಅಪವಾದವಾಗಿತ್ತು. ಚಿಂತಕ ಸಿ. ಎಲ್. ಆರ್. ಜೇಮ್ಸ್ ತಮ್ಮ ಸಂಪಾದಕತ್ವದ ಪತ್ರಿಕೆಯ ಮೂಲಕ ವೊರೆಲ್ ಪರವಾಗಿ ಪ್ರಬಲವಾದ ಜನಾಭಿಪ್ರಾಯವನ್ನು ರೂಪಿಸಿದರು. ಕೊನೆಗೆ ೧೯೬೦ರ ಆಸ್ಟ್ರೇಲಿಯ ಪ್ರವಾಸಕ್ಕೆ ವೊರೆಲ್ ನಾಯಕರಾಗಿ ನಿಯುಕ್ತರಾದರು. ಇಡಿಯ ಸರಣಿಯೊಂದಕ್ಕೆ ನಾಯಕರಾದ ಮೊದಲ ಕಪ್ಪು ವರ್ಣೀಯರು ಅವರೇ. ಅವರಿಗೆ ಸ್ಥಾನ ತೆರವು ಮಾಡಿದ ಜೆರಿ ಅಲೆಕ್ಸಾಂಡರ್ ಅದೇ ತಂಡದಲ್ಲಿ ವಿಕೆಟ್‌ಕೀಪರ್ ಆಗಿ ಉಳಿದು, ಮನಃಪೂರ್ವಕವಾಗಿ ಆಡಿ ನೆರವಾದರು. ಪದವಿ ಪಡೆದವರ ಗುಣದಷ್ಟೇ ಪದವಿ ಬಿಟ್ಟವರ ಗುಣವೂ ಸ್ಮರಣಾರ್ಹ.

ಆ ಪ್ರವಾಸದ ಮೊದಲ ಟೆಸ್ಟ್ ಬ್ರಿಸ್ಬೇನಿನಲ್ಲಿ ನಡೆಯಿತು. ಡಿಸೆಂಬರ್ ೧೪ರಂದು ಕೊನೆಯ ಓವರಿನಲ್ಲಿ ಆಸ್ಟ್ರೇಲಿಯದ ಗೆಲುವಿಗೆ ೬ ರನ್ನುಗಳು ಬೇಕಿದ್ದವು. ೩ ವಿಕೆಟ್‌ಗಳು ಉಳಿದಿದ್ದವು. ಎಲ್ಲರೂ ಉದ್ವೇಗಗೊಂಡಿದ್ದಾಗ ವೊರೆಲ್ ಪ್ರಶಾಂತರಾಗಿದ್ದು ವೇಗದ ಬೌಲರ್ ವೆಸ್ ಹಾಲ್ ಅವರಿಗೆ ಧೈರ್ಯ ತುಂಬಿದರು. ಜೋ ಸಾಲೊಮನ್ ಎಸೆದ ಚೆಂಡು ನೇರವಾಗಿ ವಿಕೆಟ್ಟಿಗೆ ಬಡಿದು ಕೊನೆಯ ದಾಂಡಿಗ ಔಟಾದಾಗ ಎರಡೂ ತಂಡಗಳ ಒಟ್ಟು ರನ್ನುಗಳು ಸಮವಾಗಿದ್ದವು. ಟೆಸ್ಟ್ ಇತಿಹಾಸದಲ್ಲಿ ಸಮಬಲದಲ್ಲಿ ಮುಗಿದ ಮೊದಲ ಪಂದ್ಯವದು. ಸರಣಿಯನ್ನು ರಿಚಿ ಬೆನೋ ಅವರ ಆಸ್ಟ್ರೇಲಿಯ ೨-೧ರಿಂದ ಗೆದ್ದಿತು. ಆದರೂ ಸೋತ ತಂಡವನ್ನು ಬೀಳ್ಕೊಡಲು ಮೆಲ್ಬೋರ್ನ್ ನಗರದ ಬೀದಿಗಳಲ್ಲಿ ಅಪಾರ ಜನಸ್ತೋಮ ನೆರೆಯಿತು. ಉಭಯ ದೇಶಗಳ ಸರಣಿಯ ಪಾರಿತೋಷಕಕ್ಕೆ ವೊರೆಲ್ ಅವರ ಹೆಸರನ್ನೇ ಇಡಲಾಯಿತು.

ಭಾರತೀಯರು ಅವರಿಗೆ ವಿಶೇಷವಾಗಿ ಋಣಿಗಳು. ೧೯೬೨ರ ಮಾರ್ಚ್ ತಿಂಗಳಲ್ಲಿ ಬಾರ್ಬಡೋಸಿನ ಪಂದ್ಯದಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಬಡಿದು ಪ್ರಾಣಾಪಾಯ ಒದಗಿತು. ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾದಾಗ ದಾನಿಗಳಲ್ಲಿ ಮೊದಲಿಗರಾಗಿ ನಿಂತವರು ಎದುರಾಳಿ ತಂಡದ ನಾಯಕ ವೊರೆಲ್. ಕಾಂಟ್ರಾಕ್ಟರ್ ಬದುಕಿ ಉಳಿದರು. ಇದರ ಸ್ಮರಣೆಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆ ೧೯೮೧ರಿಂದ ವೊರೆಲ್ ಹೆಸರಿನಲ್ಲಿ ರಕ್ತದಾನ ಶಿಬಿರವನ್ನು ಆರಂಭಿಸಿತು.

ಆ ವರ್ಷವೇ ದ್ವೀಪಗಳ ರಾಜಕೀಯ ಒಕ್ಕೂಟ ಒಡೆದುಹೋಯಿತು. ರಾಜಕಾರಣಿಗಳು ಕೂಡಿಸಲಾರದ ದ್ವೀಪಗಳನ್ನು ವೊರೆಲ್ ತಮ್ಮ ತಂಡದಲ್ಲಿ ಒಂದಾಗಿ ಇರಿಸಿದರು. ೧೯೬೩ರಲ್ಲಿ ಇಂಗ್ಲೆಂಡನ್ನು ೩-೧ರಿಂದ ಸೋಲಿಸಿ, ಕೀರ್ತಿಯ ಶಿಖರದಲ್ಲಿರುವಾಗಲೇ ನಿವೃತ್ತರಾಗಿ, ನಾಯಕತ್ವವನ್ನು ಗಾರ್ಫೀಲ್ಡ್ ಸೋಬರ್ಸ್ ಅವರಿಗೆ ಬಿಟ್ಟುಕೊಟ್ಟರು. ೫೧ ಟೆಸ್ಟುಗಳಲ್ಲಿ ೩,೮೬೦ ರನ್ನು, ೬೯ ವಿಕೆಟ್ ಅವರ ಗಳಿಕೆ. ನಾಯಕರಾಗಿ ಆಡಿದ ೧೫ ಟೆಸ್ಟುಗಳಲ್ಲಿ ೯ ಗೆಲುವು. ೧೯೬೪ರಲ್ಲಿ ಸರ್ ಪದವಿ ಸಂದಿತು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಮೇಲ್ವಿಚಾರಕರಾಗಿ ಯುವಕರ ಏಳಿಗೆಗೆ ಶ್ರಮಿಸಿದರು.

ರಕ್ತ ನೀಡಿ ಪರರ ಜೀವ ಉಳಿಸಲು ಮುಂದಾದ ಈ ಮಹನೀಯರು ರಕ್ತದ ಕ್ಯಾನ್ಸರಿಗೇ ತುತ್ತಾಗಿ ೧೯೬೭ರ ಮಾರ್ಚ್ ೧೩ರಂದು, ೪೨ರ ವಯಸ್ಸಿನಲ್ಲಿ ಜಮೈಕದಲ್ಲಿ ಕಾಲವಾದದ್ದು ವಿಧಿಯ ವಿಪರ್ಯಾಸ. ಒಡೆಯರ ನಾಡಾದ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಸ್ಮರಣಾರ್ಥ ಪ್ರಾರ್ಥನೆ ನಡೆಯಿತು. ಕ್ರೀಡಾಪಟುವೊಬ್ಬರಿಗೆ ಅಲ್ಲಿ ಅಂಥ ಗೌರವ ಸಂದದ್ದು ಅದೇ ಮೊದಲು. ಹುಟ್ಟಿನ ಕಾರಣಕ್ಕೆ ತಡೆಹಿಡಿದಿದ್ದ ಪದವಿಯನ್ನು ಅವರು ಪಡೆದದ್ದಷ್ಟೇ ಅಲ್ಲ, ತಮ್ಮ ನಡತೆಯಿಂದ ಆ ಪದವಿಯ ಘನತೆಯನ್ನೇ ಹೆಚ್ಚಿಸಿದರು. ಆಟವನ್ನು ಕಲಿಯುವ ಮಕ್ಕಳಿಗೂ ಕಲಿಸುವ ಗುರುಗಳಿಗೂ ಅವರ ಬಾಳು ದಾರಿದೀಪವಾಗಿದೆ.