ಉರ್ದು ಬೋರ್ಡಿನ ಹಿಂದೆ ಕನ್ನಡ ಸಾಲಿ: ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು



ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ, ಗೋರ್ಟಾ (ಬಿ) ಮತ್ತು ಸುತ್ತಮುತ್ತಲ ಹಳ್ಳಿಗಳಲ್ಲಿ ಹುಟ್ಟಿ, ಓದಿ, ಹೊರಗೆ ಹೋಗಿ ಹೆಸರು ಮಾಡಿದವರ ಬಗ್ಗೆ ಒಂದು ಲೇಖನ ಇರಲೇಬೇಕೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಮಾತಾಯಿತು. ಮಾಸ್ತರರಾದವರು, ವಕೀಲರಾದವರು, ಡಾಕ್ಟರು, ಇಂಜಿನಿಯರು, ಮಿಲಿಟರಿಗೆ ಸೇರಿದವರು, ಪುಣೆ, ಹೈದರಾಬಾದು, ಬೆಂಗಳೂರಿನಲ್ಲಿ ವ್ಯಾಪಾರ ಹಿಡಿದವರು ಹೀಗೆ ನಾನಾ ಉದ್ಯೋಗದ ಮಂದಿ ಇದ್ದಾರೆ. ಒಬ್ಬೊಬ್ಬರ ಹೆಸರು ಬರೆಯುತ್ತಾ ಹೋದರೆ ಯಾರದಾದರೂ ಹೆಸರು ಬಿಟ್ಟೇ ಬಿಡುತ್ತದೆ, ಆಮೇಲೆ ಮಹಾಸಭೆಯಲ್ಲಿ ಲೆಕ್ಕಪತ್ರದ ಬದಲು ಅದೇ ಚರ್ಚೆ ಆಗುತ್ತದೆ! ಆದ್ದರಿಂದ ನಾವು ಆ ಪಟ್ಟಿಯ ತಂಟೆಗೆ ಹೋಗದೆ, ನಮ್ಮ ಬೀದರ ಜಿಲ್ಲೆಯ ರೈತರ ಮಕ್ಕಳಿಗೆ ಕನ್ನಡ ಅಕ್ಷರದ ಬಾಗಿಲು ತೆರೆದ ಮಹಾತ್ಮರೊಬ್ಬರ ಜೀವನವನ್ನು ಬರೆಯಲು ನಿಶ್ಚಯಿಸಿದೆವು. ಅವರೇ ಭಾಲ್ಕಿ ಹಿರೇಮಠದ ಲಿಂಗೈಕ್ಯ ಡಾ. ಚನ್ನಬಸವ ಪಟ್ಟದ್ದೇವರು.

ಅವರು ಹುಟ್ಟಿದ್ದು 1890ರ ಡಿಸೆಂಬರ್ 22ರಂದು, ಕಮಲನಗರದಲ್ಲಿ. ಬೀದರದಿಂದ ಭಾಲ್ಕಿ ಮೇಲೆ ಉದಗೀರಕ್ಕೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಕಮಲನಗರ ಗೊತ್ತು. ಅದನ್ನು ದಾಟಿದರೆ ಮಹಾರಾಷ್ಟ್ರ. ಆಗ ಮಹಾರಾಷ್ಟ್ರವೂ ಇಲ್ಲ, ಕರ್ನಾಟಕವೂ ಇಲ್ಲ, ಎಲ್ಲವೂ ನಿಜಾಮನ ಹೈದರಾಬಾದ್ ಸಂಸ್ಥಾನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಇಂಥ ಮೂರು ಭಾಷೆಯ ಸಂದಿಯಲ್ಲಿ ಬೆಳೆದ ಹುಡುಗ ಮುಂದೆ ಮಠದ ವಿದ್ಯೆ ಕಲಿತು, 1924ರಲ್ಲಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದರು. ಆಗ ಅವರಿಗೆ ಮೂವತ್ತಮೂರು ವರ್ಷ.

ಈಗಿನ ಹುಡುಗರಿಗೆ ಆ ಕಾಲದ ಕಷ್ಟ ಹೇಳಿದರೆ ಕಥೆ ಅನಿಸುತ್ತದೆ. ಸಂಸ್ಥಾನದ ಆಡಳಿತ ಭಾಷೆ ಉರ್ದು. ಹೊಲದ ಕಾಗದ ಉರ್ದುವಿನಲ್ಲಿ, ಕೋರ್ಟಿನ ನೋಟೀಸು ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆಯಿತು, ಅಲ್ಲಿಯೂ ದೊಡ್ಡ ಓದೆಲ್ಲ ಉರ್ದುವಿನಲ್ಲೇ. ಉರ್ದು ಕೆಟ್ಟ ಭಾಷೆ ಅಂತ ನಾವು ಹೇಳುವುದಿಲ್ಲ. ನಮ್ಮ ಹಿರಿಯರು ಬಹಳ ಜನ ಅದನ್ನು ಚೆಂದಾಗಿ ಓದುತ್ತಿದ್ದರು, ಇವತ್ತಿಗೂ ನಮ್ಮ ಬಾಯಲ್ಲಿ ದಾವೆ, ದಸ್ತಾವೇಜು, ತಹಸೀಲು ಎಂಬ ಮಾತೇ ಬರುತ್ತವೆ. ಆದರೆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ಒಕ್ಕಲಿಗನ ಮಗ ಸಾಲಿಗೆ ಹೋದರೆ ಮೊದಲ ದಿನದಿಂದಲೇ ಮೂಕನಾಗಿ ಕೂಡಬೇಕಾಗಿತ್ತು. ಅದಕ್ಕೇ ಬಹಳ ಮಂದಿ ಹೋಗುತ್ತಲೇ ಇರಲಿಲ್ಲ. 1951ರ ಜನಗಣತಿಯಲ್ಲಿ ಕೂಡ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯನ್ನು ಮುಟ್ಟಿರಲಿಲ್ಲ.

ಇದರ ಪೆಟ್ಟು ಬಿದ್ದದ್ದು ಎಲ್ಲಿ ಅಂತ ಸಹಕಾರ ಸಂಘದವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಹುಕಾರನ ಹತ್ತಿರ ಸಾಲ ತಂದವನು ಕಾಗದದ ಮೇಲೆ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಿದ್ದ. ಐವತ್ತು ರೂಪಾಯಿ ತಂದನೋ ನೂರೈವತ್ತೋ, ಹೊಲ ಒತ್ತೆ ಇಟ್ಟನೋ ಮಾರಿದನೋ, ಓದುವವರು ಹೇಳಿದ್ದೇ ಖರೆ. ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು, ಆದರೆ ಸಂಘ ನಡೆಸಬೇಕಾದರೆ ಖಾತೆ ಪುಸ್ತಕ ಬರೆಯುವವರು, ಓದಿ ಕೇಳುವವರು ಊರಿನಲ್ಲೇ ಇರಬೇಕಲ್ಲ. ನಮ್ಮ ಭಾಗದಲ್ಲಿ ಆ ಮಂದಿಯನ್ನು ಮೊದಲು ತಯಾರು ಮಾಡಬೇಕಾಗಿತ್ತು.

ಪಟ್ಟದ್ದೇವರು ಕೈ ಹಾಕಿದ್ದು ಅದಕ್ಕೆ. ಕನ್ನಡ ಸಾಲಿ ತೆಗೆಯಬೇಕೆಂದರೆ ಸರಕಾರದ ಕಣ್ಣು ಕೆಂಪಾಗುತ್ತಿತ್ತು. ಅವರು ಒಂದು ಉಪಾಯ ಮಾಡಿದರು. ಹೊರಗೆ ಉರ್ದು ಬೋರ್ಡು ತೂಗು ಹಾಕಿದರು, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಈ ಸಂಗತಿ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ರಾಜ್ಯೋತ್ಸವದ ಭಾಷಣದಲ್ಲಿ ಪ್ರತಿ ವರ್ಷ ಇದನ್ನು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾರೆ. ಆದರೆ ಬೋರ್ಡು ಹಾಕುವುದು ಒಂದು ದಿನದ ಕೆಲಸ, ಒಳಗಿನ ಸಾಲಿ ನಡೆಸುವುದು ದಿನಾಲೂ ಮಾಡುವ ಕೆಲಸ, ಇದನ್ನು ಭಾಷಣದವರು ಬಿಟ್ಟುಬಿಡುತ್ತಾರೆ ಎಂಬುದು ನಮ್ಮ ಅಭಿಪ್ರಾಯ. ಸರಕಾರದ ಅನುದಾನ ಇಲ್ಲ. ಮಾಸ್ತರರಿಗೆ ಪಗಾರ ಕೊಡಬೇಕು. ದೂರದ ಹಳ್ಳಿಯಿಂದ ಬಂದ ಮಕ್ಕಳಿಗೆ ಇರಲು ಜಾಗ ಬೇಕು, ಎರಡು ಹೊತ್ತು ಊಟ ಬೇಕು. ಪಾಟಿ ಬಳಪದಿಂದ ಹಿಡಿದು ದೀಪದ ಎಣ್ಣೆಯವರೆಗೆ ಎಲ್ಲವೂ ಬೇಕು.

ಇದೆಲ್ಲ ಎಲ್ಲಿಂದ ಬಂತು? ಜೋಳಿಗೆಯಿಂದ. ಪೀಠಾಧಿಪತಿಗಳು ಎಂದರೆ ಭಕ್ತರು ಬಂದು ಪಾದಕ್ಕೆರಗುವುದು, ಅಡ್ಡಪಲ್ಲಕ್ಕಿಯಲ್ಲಿ ಮೆರೆಯುವುದು ಎಂಬ ಕಾಲ ಅದು. ಇವರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ನಡೆದರು. ರಾಶಿ ಆದ ಮೇಲೆ ರೈತರ ಕೈಯಲ್ಲಿ ದುಡ್ಡು ಇರಲಿ ಬಿಡಲಿ, ಕಾಳು ಇರುತ್ತದೆ. ಜೋಳ, ತೊಗರಿ, ಕಡಲೆ, ಯಾರು ಎಷ್ಟು ಕೊಟ್ಟರೆ ಅಷ್ಟು. ಒಂದು ಸೇರು ಜೋಳ ಕೊಡುವುದು ಬಡವನಿಗೂ ಭಾರವಲ್ಲ, ನೂರು ಮನೆಯ ಸೇರು ಕೂಡಿದರೆ ಮಕ್ಕಳ ಊಟಕ್ಕೆ ಆಧಾರ. ನಮ್ಮ ಸಂಘದ ಷೇರು ಹಣವೂ ಹಿಂಗೇ ಕೂಡಿದ್ದು ಅಂತ ಹಳೆಯ ಸದಸ್ಯರಿಗೆ ನೆನಪಿರಬಹುದು. ದೊಡ್ಡವರೊಬ್ಬರು ಚೀಲ ತುಂಬ ಕೊಟ್ಟಿದ್ದರೆ ಅದು ಅವರ ಸಾಲಿ ಆಗುತ್ತಿತ್ತು. ಮನೆಮನೆಯ ಕಾಳು ಬಿದ್ದದ್ದರಿಂದ ಅದು ಎಲ್ಲರ ಸಾಲಿ ಆಯಿತು.

ಕಾಳು ಕೇಳುವುದಕ್ಕಿಂತ ಮಕ್ಕಳನ್ನು ಕೇಳುವುದು ಕಷ್ಟ. ಹತ್ತು ವರ್ಷದ ಹುಡುಗ ಎಂದರೆ ಒಕ್ಕಲುತನದ ಮನೆಯಲ್ಲಿ ಒಂದು ಆಳು. ದನ ಕಾಯುತ್ತಾನೆ, ಬಿತ್ತುವಾಗ ಕೂರಿಗೆ ಹಿಂದೆ ಓಡಾಡುತ್ತಾನೆ, ಬೆಳೆ ಬಂದಾಗ ಹಕ್ಕಿ ಕಾಯುತ್ತಾನೆ. ಅವನನ್ನು ಸಾಲಿಗೆ ಕಳಿಸಿದರೆ ಆ ಕೆಲಸಕ್ಕೆ ಯಾರು? ಅಕ್ಷರ ಕಲಿತವನು ಗಳೆ ಹಿಡಿಯುವುದಿಲ್ಲ ಎಂಬ ಅಂಜಿಕೆ ಬೇರೆ. ಆ ಅಂಜಿಕೆ ಸುಳ್ಳಾಗಲಿಲ್ಲ, ಅದನ್ನು ಮುಂದೆ ಹೇಳುತ್ತೇವೆ. ಆದರೂ ಜನ ಕಳಿಸಿದರು. ಕೇಳಲು ಬಂದವರು ತಮಗಾಗಿ ಏನೂ ಕೇಳದ ಸ್ವಾಮಿಗಳು ಎಂಬ ನಂಬಿಗೆಯೇ ಅದಕ್ಕೆ ಕಾರಣ ಇರಬೇಕು. ಪಟ್ಟದ್ದೇವರ ಹತ್ತಿರ ಜಾತಿ ಕೇಳುವ ಪದ್ಧತಿಯೂ ಇರಲಿಲ್ಲ. ಲಿಂಗಾಯತರ ಮಕ್ಕಳ ಜೊತೆಗೆ ದಲಿತರ ಮಕ್ಕಳನ್ನೂ ಕರೆದು ಓದಿಸಿದರು. ಇದಕ್ಕೆ ಮುಖ ಸಿಂಡರಿಸಿದವರು ಇದ್ದರು, ಇಲ್ಲದೆ ಏನು? ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅಡ್ಡಪಲ್ಲಕ್ಕಿಯಲ್ಲಿ ಕೂಡುವುದನ್ನು ಬಿಟ್ಟು, ಆ ಪಲ್ಲಕ್ಕಿಯಲ್ಲಿ ಶರಣರ ವಚನಗಳ ಗ್ರಂಥ ಇಟ್ಟು ಮೆರವಣಿಗೆ ಮಾಡಿಸಿದರು. ಮಠದ ಮರ್ಯಾದೆ ಹೋಯಿತು ಅಂದವರಿಗೆ ಅದೇ ಉತ್ತರ ಆಯಿತು.

ಇಲ್ಲಿ 1948ನೇ ವರ್ಷದ ಮಾತು ಹೇಳದೆ ಮುಂದೆ ಹೋಗಲು ಗೋರ್ಟಾದವರಾದ ನಮಗೆ ಬರುವುದಿಲ್ಲ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. 1948ರ ಮೇ 9ರಂದು ರಜಾಕಾರರು ನಮ್ಮ ಊರ ಮೇಲೆ ಬಿದ್ದರು. ಇನ್ನೂರಕ್ಕೂ ಹೆಚ್ಚು ಮಂದಿ ಹತರಾದರೆಂದು ಲೆಕ್ಕ. ಮನೆಗಳು ಲೂಟಿಯಾದವು, ಸುಟ್ಟವು. ಉಳಿದವರು ಗಟ್ಟಿ ಗೋಡೆಯ ದೊಡ್ಡ ಮನೆಯಲ್ಲಿ ಒಟ್ಟಾಗಿ ಜೀವ ಉಳಿಸಿಕೊಂಡರು. ಸೆಪ್ಟೆಂಬರ್ 13ಕ್ಕೆ ಭಾರತ ಸರಕಾರದ ಸೇನೆ ಒಳಗೆ ಬಂದು 17ಕ್ಕೆ ನಿಜಾಮನ ಆಡಳಿತ ಮುಗಿಯಿತು. ಸತ್ತವರ ನೆನಪಿಗೆ ನಮ್ಮೂರಿನ ಹುತಾತ್ಮ ಸ್ಮಾರಕ ಉದ್ಘಾಟನೆ ಆದದ್ದು 2023ರ ಮಾರ್ಚ್ 26ರಂದು, ಎಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ. ಆ ವಿಷಯಕ್ಕೆ ಬೇರೆಯೇ ಲೇಖನ ಬೇಕು. ಇಲ್ಲಿ ಹೇಳುವುದು ಇಷ್ಟು: ಮನೆಯ ಗಂಡಸು ಹೋಗಿ, ಎತ್ತು ಹೋಗಿ, ಹೊಲ ಪಾಳು ಬಿದ್ದ ಮನೆಗಳಲ್ಲಿ ಮಕ್ಕಳಿಗೆ ಉಳಿದ ದಾರಿ ಯಾವುದು? ಹೊಲ ಇಲ್ಲದವನಿಗೆ ಅಕ್ಷರವೇ ಹೊಲ ಆಗಬೇಕಾಯಿತು. ಅದೇ ಹೊತ್ತಿಗೆ ಕನ್ನಡ ಸಾಲಿಯನ್ನು ಬಚ್ಚಿಡುವ ಅಗತ್ಯವೂ ತಪ್ಪಿತು. ಅಷ್ಟು ವರ್ಷ ಉರ್ದು ಬೋರ್ಡಿನ ಹಿಂದೆ ಕಲಿತವರೇ ಆಗ ಮಾಸ್ತರರಾಗಿ ನಿಲ್ಲಲು ತಯಾರಿದ್ದರು. ಅವರು ಇಲ್ಲದಿದ್ದರೆ ಸಾಲಿ ತೆರೆಯಲು ಅಪ್ಪಣೆ ಸಿಕ್ಕರೂ ಕಲಿಸುವವರನ್ನು ದೂರದಿಂದ ತರಬೇಕಾಗುತ್ತಿತ್ತು.

ಪಟ್ಟದ್ದೇವರಿಗೆ ಆಗ ಐವತ್ತೇಳು ವರ್ಷ. ಸಾಕು ಅನ್ನಲಿಲ್ಲ. ಅವರ ಪ್ರಯತ್ನದಿಂದ ಬೆಳೆದ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯಿಂದ ಭಾಲ್ಕಿ, ಕಮಲನಗರದ ಕಡೆಯ ಮಕ್ಕಳಿಗೆ ಮನೆ ಹತ್ತಿರವೇ ಮೇಲಿನ ಓದು ಸಿಕ್ಕಿತು.

1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆಯಿತು. ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರು ರಾಜ್ಯಕ್ಕೆ. ಗಡಿಯಲ್ಲಿ ನಿಂತು ಇದು ಕನ್ನಡದ ನೆಲ ಎಂದು ಹೇಳಲು ಬಾಯಿ ಮಾತು ಸಾಲುವುದಿಲ್ಲ. ಕನ್ನಡ ಸಾಲಿ, ಕನ್ನಡ ಓದಿದ ಮಂದಿ ಕಣ್ಣಿಗೆ ಕಾಣಬೇಕು. ಪಟ್ಟದ್ದೇವರು ಏಕೀಕರಣಕ್ಕಾಗಿ ಊರೂರು ತಿರುಗಿ ಜನರನ್ನು ಎಬ್ಬಿಸಿದರು. ಅವರ ಮೂವತ್ತು ವರ್ಷದ ಸಾಲಿಯ ಕೆಲಸ ಆ ಮಾತಿಗೆ ಜಾಮೀನು ನಿಂತಿತು ಅಂತ ನಾವು ತಿಳಿಯುತ್ತೇವೆ.

ನಮಗೆ ಹತ್ತಿರದ ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎದ್ದು ನಿಂತದ್ದರಲ್ಲೂ ಅವರ ಜೋಳಿಗೆಯ ಪಾಲಿದೆ. 1955ರಲ್ಲಿ ಅದರ ಟ್ರಸ್ಟಿಗೆ ಅವರೇ ಮೊದಲ ಅಧ್ಯಕ್ಷರು. ಕಟ್ಟಡ ಮುಗಿಯಲು ಬಹಳ ವರ್ಷ ಹಿಡಿಯಿತು, ದುಡ್ಡು ಕೂಡಿದಷ್ಟು ಕೆಲಸ, ನಿಂತರೆ ಮತ್ತೆ ಊರೂರು ತಿರುಗುವುದು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಅವರು ಕೂಡ ಕಲ್ಯಾಣಕ್ಕೆ ಬಂದು ನೆಲೆಸಿ ಶರಣರ ಕೆಲಸಕ್ಕೆ ಜೀವ ತೇದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆ ಆದ ಮೊದಲ ಹೆಣ್ಣುಮಗಳು ಅವರು.

ಈಗ ಮೇಲೆ ಹೇಳಿದ ಅಂಜಿಕೆಯ ಮಾತು. ಓದಿದ ಮಕ್ಕಳು ಊರು ಬಿಟ್ಟರು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಂಘದ ಸದಸ್ಯರ ಪುಸ್ತಕ ತೆಗೆದು ನೋಡಿರಿ, ಪಹಣಿ ಇರುವುದು ಮುದುಕರ ಹೆಸರಿನಲ್ಲಿ, ಮಗನ ವಿಳಾಸ ಬೇರೆ ಊರಿನದು. ಬಿತ್ತಲು, ಸೋಯಾ ಕೊಯ್ಯಲು ಆಳು ಸಿಗುವುದಿಲ್ಲ. ಹೀಗಾಗುತ್ತದೆಂದು ಗೊತ್ತಿದ್ದರೆ ಕಾಳು ಕೊಡುತ್ತಿದ್ದರೇ ಎಂದು ನಮ್ಮ ಕಟ್ಟೆಯ ಮೇಲೆ ಚರ್ಚೆ ಆಗಿದೆ. ಕೊಡುತ್ತಿದ್ದರು ಎಂದೇ ನಮ್ಮ ವಾದ. ಬರ ಬಿದ್ದ ವರ್ಷಗಳಲ್ಲಿ ಮನೆ ನಡೆದದ್ದು ಹೊಲದಿಂದಲ್ಲ, ನೌಕರಿಯಲ್ಲಿದ್ದ ಮಗ ಕಳಿಸಿದ ಮನಿಯಾರ್ಡರಿನಿಂದ. ಸಂಘದ ಸಾಲ ತೀರಿದ್ದೂ ಎಷ್ಟೋ ಸಲ ಅದೇ ದುಡ್ಡಿನಿಂದ. ಜೂನ್ ಬಂತೆಂದರೆ ಬೀಜ ಗೊಬ್ಬರದ ಖರ್ಚೂ ಮಕ್ಕಳ ಫೀಯೂ ಒಟ್ಟಿಗೆ ಬಂದು ಕೂಡುತ್ತವೆ. ಬೆಳೆ ಸಾಲ ತಗೊಂಡು ಅದರಲ್ಲಿ ಅರ್ಧ ಫೀ ಕಟ್ಟಿದವರನ್ನು ನಾವು ಬಲ್ಲೆವು. ನಿರ್ದೇಶಕರಾಗಿ ಇದನ್ನು ಸರಿ ಎನ್ನಲು ಬರುವುದಿಲ್ಲ, ತಂದೆಯಾಗಿ ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಫೀ ಕಟ್ಟಲು ಬೇರೆಯೇ ಕಡಿಮೆ ಬಡ್ಡಿಯ ಸಾಲ ಕೊಡುವ ವಿಚಾರವನ್ನು ಬರುವ ಮಹಾಸಭೆಯ ಮುಂದೆ ಇಡಬೇಕೆಂದಿದ್ದೇವೆ, ಸದಸ್ಯರು ಯೋಚನೆ ಮಾಡಿ ಬರಬೇಕು.

ಪಟ್ಟದ್ದೇವರು ತಮ್ಮ ಕಣ್ಣ ಮುಂದೆಯೇ ಬಸವಲಿಂಗ ಪಟ್ಟದ್ದೇವರಿಗೆ ಮಠದ ಅಧಿಕಾರ ಒಪ್ಪಿಸಿದರು. 1999ರ ಏಪ್ರಿಲ್ 22ರಂದು ಲಿಂಗೈಕ್ಯರಾದಾಗ ಅವರಿಗೆ ನೂರೆಂಟು ವರ್ಷ. ಬೀದರದಲ್ಲಿ ಜಿಲ್ಲಾ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಭಾಲ್ಕಿ ತಾಲ್ಲೂಕಿನ ಕರಡ್ಯಾಳದಲ್ಲಿ ಚನ್ನಬಸವೇಶ್ವರ ಗುರುಕುಲ ನಡೆದಿದೆ, ಅಲ್ಲಿ ಓದಿದ ಹಳ್ಳಿ ಮಕ್ಕಳು ಡಾಕ್ಟರಿಕೆಗೆ, ಇಂಜಿನಿಯರಿಂಗಿಗೆ ಹೋಗುತ್ತಾರೆ. ನಮ್ಮ ಕಡೆಯವರು ಮಕ್ಕಳನ್ನು ಅಲ್ಲಿಗೆ ಕಳಿಸುವ ವಿಚಾರ ಇದ್ದರೆ ಬೇಸಿಗೆ ರಜೆ ಮುಗಿಯುವವರೆಗೆ ಕಾಯಬಾರದು, ಮೊದಲೇ ಹೋಗಿ ವಿಚಾರಿಸಿ ಬರುವುದು ಒಳ್ಳೆಯದು.